ಗಟ್ಟಿ ಓದು, ಮೌನ ಓದು: ನಾಲ್ಕನೇ ತರಗತಿಯ ಮಕ್ಕಳಿಗೆ ಯಾವುದು, ಎಷ್ಟು?

ಕೊಪ್ಪಳದ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಈ ವರ್ಷ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಸಮಸ್ಯೆಯನ್ನು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ನನ್ನ ತರಗತಿಯಲ್ಲಿ ಕೆಲವು ಮಕ್ಕಳು ಪಾಠವನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ, ಸ್ಪಷ್ಟ ಉಚ್ಚಾರಣೆಯಲ್ಲಿ ಓದುತ್ತಾರೆ. ಓದಿ ಮುಗಿಸಿದ ಕೂಡಲೇ ಪುಸ್ತಕ ಮುಚ್ಚಿಸಿ, ರೈತ ಸಂತೆಗೆ ಏಕೆ ಹೋದ ಎಂದು ಕೇಳಿದರೆ ಉತ್ತರವಿಲ್ಲ. ಇನ್ನು ಕೆಲವರು ಎದ್ದು ನಿಂತು ಓದಲು ಹೇಳಿದರೆ ಎರಡು ಸಾಲಿಗೆ ಬೆವರುತ್ತಾರೆ, ಆದರೆ ತಮ್ಮ ಪಾಡಿಗೆ ತುಟಿ ಅಲ್ಲಾಡಿಸುತ್ತ ಓದಲು ಬಿಟ್ಟರೆ ಕಥೆಯನ್ನು ಪೂರ್ತಿಯಾಗಿ ಹೇಳುತ್ತಾರೆ. ಮೂರನೆಯ ಗುಂಪೊಂದಿದೆ. ಮೌನವಾಗಿ ಓದಿರಿ ಎಂದು ಹೇಳಿದರೆ ಈ ಗುಂಪು ಪುಟವನ್ನು ನೋಡುತ್ತ ಕೂರುತ್ತದೆ, ಓದಿದರೋ ಇಲ್ಲವೋ ಎಂಬುದೇ ನನಗೆ ತಿಳಿಯುವುದಿಲ್ಲ.

ಶಾಲೆಗೆ ಬಂದ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ನೀಡುವ ಸಮೂಹ ಸಂಪನ್ಮೂಲ ವ್ಯಕ್ತಿ) ಅವರು ನಾಲ್ಕನೇ ತರಗತಿಯಲ್ಲಿ ಮೌನ ಓದಿಗೆ ಹೆಚ್ಚು ಸಮಯ ಕೊಡಿ ಎಂದು ಸಲಹೆ ನೀಡಿದರು. ನಮ್ಮ ಹಿರಿಯ ಶಿಕ್ಷಕರು ಮಗು ಓದಿದ್ದು ಕಿವಿಗೆ ಬೀಳದಿದ್ದರೆ ಅದನ್ನು ಓದು ಎಂದು ಒಪ್ಪಲಾಗದು ಎನ್ನುತ್ತಾರೆ. ಪದ ಗುರುತಿಸುವುದಕ್ಕೆ ಯಾವುದು ಹೆಚ್ಚು ಸಹಾಯಕ, ಅರ್ಥ ಗ್ರಹಿಸುವುದಕ್ಕೆ ಯಾವುದು? ಎರಡಕ್ಕೂ ಒಂದೇ ಉತ್ತರವೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ_ಮುಖ್ಯಗುರು

ಮೇಡಂ ಅವರೇ, ನಾವು ತರಬೇತಿ ಪಡೆದ ಕಾಲದಲ್ಲಿ ಗದ್ಯಪಾಠದ ಪಾಠಯೋಜನೆಗೆ ಒಂದು ಕ್ರಮವಿತ್ತು: ಮೊದಲು ಶಿಕ್ಷಕರ ಮಾದರಿ ವಾಚನ, ಅನಂತರ ಮಕ್ಕಳ ಪ್ರಕಟ ವಾಚನ, ಕಠಿಣ ಪದಗಳ ಚರ್ಚೆ, ಕೊನೆಗೆ ಮೌನ ವಾಚನ ಮತ್ತು ಪ್ರಶ್ನೆಗಳು. ಈ ಕ್ರಮಕ್ಕೆ ಬಲವಾದ ಕಾರಣವಿದೆ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳ ಗುಣಿತ ಸೇರಿದರೇ 442 ರೂಪಗಳಾಗುತ್ತವೆ, ಒತ್ತಕ್ಷರಗಳು ಅದರ ಮೇಲೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಅರ್ಕಾವತ್ತಿನಲ್ಲಂತೂ ಮೊದಲು ಉಚ್ಚರಿಸಬೇಕಾದ ರಕಾರವನ್ನು ಬರೆಯುವುದು ಕೊನೆಗೆ; ಆದ್ದರಿಂದಲೇ ಎಷ್ಟೋ ಮಕ್ಕಳು ‘ವರ್ಷ’ ಎಂಬುದನ್ನು ‘ವಷರ’ ಎಂದು ಓದುತ್ತಾರೆ. ಮಗು ಗಟ್ಟಿಯಾಗಿ ಓದದಿದ್ದರೆ ಈ ತಪ್ಪು ಶಿಕ್ಷಕರಿಗೆ ತಿಳಿಯುವ ಬಗೆ ಹೇಗೆ? ಮೌನ ಓದಿನಲ್ಲಿ ತಪ್ಪು ಒಳಗೇ ಉಳಿದು ಗಟ್ಟಿಯಾಗುತ್ತದೆ. ನಿಮ್ಮ ಹಿರಿಯ ಶಿಕ್ಷಕರ ಮಾತೇ ಸರಿ.

ಇಬ್ಬರು_ಮಕ್ಕಳ_ಅಪ್ಪ

ಒಪ್ಪುವುದಿಲ್ಲ ಸರ್. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ, ಅಲ್ಲಿ ಯಾರೂ ಗಟ್ಟಿಯಾಗಿ ಓದುವಂತಿಲ್ಲ. ದೊಡ್ಡವರಾದ ಮೇಲೆ ಬಸ್ಸಿನ ಫಲಕ, ಬ್ಯಾಂಕಿನ ಅರ್ಜಿ, ಔಷಧದ ಚೀಟಿ, ಎಲ್ಲವನ್ನೂ ಓದುವುದು ಮೌನವಾಗಿಯೇ. ಬದುಕಿಗೆ ಬೇಕಾದ ಓದನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಿ, ಬದುಕಿನಲ್ಲಿ ಅಪರೂಪವಾದ ಓದಿಗೆ ಇಡೀ ಅವಧಿ ಕೊಡುವುದು ಯಾವ ನ್ಯಾಯ?

ಭಾಷಾಕಲಿಕೆ_ಅಭ್ಯಾಸಿ

ಇಬ್ಬರ ಮಾತಿನಲ್ಲೂ ನಿಜವಿದೆ, ಆದರೆ ಇಬ್ಬರೂ ಬೇರೆ ಬೇರೆ ವಯಸ್ಸಿನ ಓದುಗರ ಬಗ್ಗೆ ಮಾತನಾಡುತ್ತಿದ್ದೀರಿ. 2011ರಲ್ಲಿ ಪ್ರಕಟವಾದ, ಒಂದರಿಂದ ಏಳನೇ ತರಗತಿಯವರೆಗಿನ ಇಂಗ್ಲಿಷ್ ಓದುಗ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ನಿಮ್ಮ ಪ್ರಶ್ನೆಯನ್ನೇ ಕೇಳಿತ್ತು. ಐದನೇ ತರಗತಿಯವರೆಗಿನ ಮಕ್ಕಳು ಗಟ್ಟಿಯಾಗಿ ಓದಿದಾಗ ಹೆಚ್ಚು ಅರ್ಥ ಮಾಡಿಕೊಂಡರು, ಆರರಲ್ಲಿ ವ್ಯತ್ಯಾಸ ಕಾಣಲಿಲ್ಲ, ಏಳರಲ್ಲಿ ಮೌನ ಓದೇ ಮೇಲಾಯಿತು. ಎಲ್ಲ ಅಧ್ಯಯನಗಳೂ ಇಷ್ಟು ನಿಚ್ಚಳವಾದ ಚಿತ್ರ ಕೊಡುವುದಿಲ್ಲ. ಅರ್ಥಗ್ರಹಿಕೆಯಲ್ಲಿ ವ್ಯತ್ಯಾಸವೇ ಇಲ್ಲ, ಮೌನ ಓದಿನಲ್ಲಿ ಸಮಯ ಮಾತ್ರ ಉಳಿಯುತ್ತದೆ ಎಂದು ಕಂಡುಕೊಂಡವರೂ ಇದ್ದಾರೆ. ಆದರೂ ಚಿಕ್ಕ ಮಕ್ಕಳಿಗೂ ಓದಿನಲ್ಲಿ ಹಿಂದುಳಿದವರಿಗೂ ಗಟ್ಟಿ ಓದು ನೆರವಾಗುತ್ತದೆ, ಓದು ಕೈವಶವಾದವರಿಗೆ ಅದರ ಅಗತ್ಯ ಕಡಿಮೆ ಎಂಬ ದಿಕ್ಕಿನಲ್ಲಿ ಬಹುಪಾಲು ಫಲಿತಾಂಶಗಳು ಸಾಗುತ್ತವೆ.

ಕಾರಣವನ್ನು ಹೀಗೆ ಊಹಿಸಬಹುದು. ಗಟ್ಟಿಯಾಗಿ ಓದುವಾಗ ಮಗು ಯಾವ ಪದವನ್ನೂ ಹಾರಿಸುವಂತಿಲ್ಲ, ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತದೆ, ಗಮನ ಚದುರಿದರೆ ದನಿ ನಿಂತುಹೋಗುತ್ತದೆ. ಓದು ಪಳಗಿದ ಮೇಲೆ ಇದೇ ದನಿ ಅಡ್ಡಿಯಾಗುತ್ತದೆ, ಏಕೆಂದರೆ ಕಣ್ಣು ಬಾಯಿಗಿಂತ ವೇಗವಾಗಿ ಓಡಬಲ್ಲದು. ಇಂಗ್ಲಿಷ್ ಓದಿನ ಕುರಿತ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕರು ಮೌನವಾಗಿ ನಿಮಿಷಕ್ಕೆ ಸುಮಾರು 238 ಪದಗಳನ್ನು ಓದಿದರೆ, ಗಟ್ಟಿಯಾಗಿ ಸುಮಾರು 183 ಪದಗಳನ್ನು ಓದುತ್ತಾರೆ.

ಹಾಸನದ_ಹುಡುಗ

ಇವೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡಕ್ಕೆ ಹೇಗೆ ಅನ್ವಯಿಸುತ್ತದೆ?

ಭಾಷಾಕಲಿಕೆ_ಅಭ್ಯಾಸಿ

ನ್ಯಾಯವಾದ ಪ್ರಶ್ನೆ. ಕನ್ನಡ ಮಕ್ಕಳ ಆರಂಭದ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾಗುತ್ತದೆ. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರಗಳ ಪರಿಚಯ ಬೇಗನೆ ಮುಗಿಯುತ್ತದೆ, ಕನ್ನಡದಲ್ಲಿ ಅಕ್ಷರಜ್ಞಾನದ ಗಳಿಕೆ ನಾಲ್ಕನೇ ತರಗತಿಯವರೆಗೂ ನಡೆದಿರುತ್ತದೆ ಎಂದು ಅವರು ತೋರಿಸಿದರು. ಆದ್ದರಿಂದ ಮುಖ್ಯಗುರುಗಳು ಹೇಳಿದಂತೆ, ಪದ ಗುರುತಿಸುವ ಕೆಲಸ ನಮ್ಮಲ್ಲಿ ನಾಲ್ಕನೇ ತರಗತಿಯಲ್ಲೂ ಮುಗಿದಿರುವುದಿಲ್ಲ. ಆ ಮಟ್ಟಿಗೆ ಗಟ್ಟಿ ಓದು ಇನ್ನೂ ಬೇಕು.

ಆದರೆ ಕನ್ನಡಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಬರಹ ಉಚ್ಚಾರಣೆಗೆ ಬಹಳ ಹತ್ತಿರವಾದದ್ದು. ಅಕ್ಷರಗಳು ಒಮ್ಮೆ ಕೈಸೇರಿದರೆ, ಎಂದೂ ಕೇಳಿರದ, ಅರ್ಥವೇ ಗೊತ್ತಿಲ್ಲದ ಪದವನ್ನೂ ಮಗು ತಪ್ಪಿಲ್ಲದೆ ಓದಿಬಿಡುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸಹಸ್ರನಾಮವನ್ನು ದಿನವೂ ನಿರರ್ಗಳವಾಗಿ ಓದುವ ಎಷ್ಟು ಮಂದಿಗೆ ಅದರ ಅರ್ಥ ಗೊತ್ತಿದೆ ಎಂದು ಯೋಚಿಸಿ ನೋಡಿ. ಇಂಗ್ಲಿಷಿನಲ್ಲಿ ಪದದ ಪರಿಚಯವಿಲ್ಲದಿದ್ದರೆ ಉಚ್ಚಾರಣೆಯಲ್ಲೇ ಎಡವುವ ಸಾಧ್ಯತೆ ಹೆಚ್ಚು, ಕನ್ನಡದಲ್ಲಿ ಹಾಗಾಗುವುದಿಲ್ಲ. ಹೀಗಾಗಿ ಕನ್ನಡದ ಮಗು ಸರಾಗವಾಗಿ ಓದಿತು ಎಂಬುದು ಅದಕ್ಕೆ ಅರ್ಥವಾಯಿತು ಎಂಬುದಕ್ಕೆ ತೀರಾ ದುರ್ಬಲವಾದ ಸಾಕ್ಷಿ. ಟೀಚರ್ ಅವರ ಮೊದಲ ಗುಂಪಿನ ಮಕ್ಕಳ ಸ್ಥಿತಿ ಇದೇ ಎಂದು ನನಗೆ ಅನ್ನಿಸುತ್ತದೆ.

ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಹೇಳಿದ ಸೂತ್ರ ಇದಕ್ಕೆ ಹೊಂದುತ್ತದೆ: ಓದಿನ ಗ್ರಹಿಕೆ ಎಂಬುದು ಪದ ಬಿಡಿಸುವ ಶಕ್ತಿ ಮತ್ತು ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆಯೇ.

ಕೊಪ್ಪಳದ_ಟೀಚರ್

ಅಭ್ಯಾಸಿಗಳೇ, ಇದನ್ನು ಪರೀಕ್ಷಿಸುವುದು ಹೇಗೆ? ಅವರಿಗೆ ಪದ ಗುರುತಿಸಲು ಬರುತ್ತದೆ, ಆದರೆ ಪದದ ಅರ್ಥ ಗೊತ್ತಿಲ್ಲ ಎಂದೇ? ಅಥವಾ ಓದುವ ಶ್ರಮದಲ್ಲಿ ಅರ್ಥ ಕೈತಪ್ಪುತ್ತಿದೆ ಎಂದೇ?

ಭಾಷಾಕಲಿಕೆ_ಅಭ್ಯಾಸಿ

ಅದೇ ಪಾಠದ ಒಂದು ಭಾಗವನ್ನು ನೀವು ಓದಿ ಹೇಳಿ, ಅವರು ಪುಸ್ತಕ ನೋಡದೆ ಕೇಳಿಸಿಕೊಳ್ಳಲಿ. ಕೇಳಿದಾಗಲೂ ಉತ್ತರ ಬಾರದಿದ್ದರೆ ಕೊರತೆ ಭಾಷೆಯದು, ಓದಿನದಲ್ಲ. ಕೇಳಿದಾಗ ಅರ್ಥವಾಗಿ ಓದಿದಾಗ ಆಗದಿದ್ದರೆ ಪದ ಬಿಡಿಸುವುದರಲ್ಲೇ ಅವರ ಶಕ್ತಿ ವ್ಯಯವಾಗುತ್ತಿದೆ.

ತಾಂಡಾ_ಶಾಲೆ_ಮೇಷ್ಟ್ರು

ಈ ಪರೀಕ್ಷೆಯನ್ನು ನಮ್ಮ ಶಾಲೆಯ ಪ್ರತಿಯೊಬ್ಬ ಶಿಕ್ಷಕರೂ ಮಾಡಬೇಕು. ನಮ್ಮ ಮಕ್ಕಳ ಮನೆಮಾತು ಲಂಬಾಣಿ. ಅವರು ಕನ್ನಡದ ಅಕ್ಷರ ಕಲಿಯುವುದು ಬೇರೆಯವರಿಗಿಂತ ನಿಧಾನವೇನಲ್ಲ, ಎರಡನೇ ತರಗತಿ ಮುಗಿಯುವ ಹೊತ್ತಿಗೆ ಹಲವರು ಚೆನ್ನಾಗಿಯೇ ಓದುತ್ತಾರೆ. ಆದರೆ ಪಠ್ಯಪುಸ್ತಕದ ಶಿಷ್ಟ ಕನ್ನಡದಲ್ಲಿ ‘ಆದಾಗ್ಯೂ’, ‘ನಿಮಿತ್ತ’, ‘ಪರಿಣಾಮವಾಗಿ’ ಎಂಬ ಪದಗಳು ಬಂದರೆ ಅವು ಅವರಿಗೆ ಬರಿಯ ಸದ್ದುಗಳು. ಅಂಥ ಮಗುವಿಗೆ ಹತ್ತು ಸಲ ಗಟ್ಟಿಯಾಗಿ ಓದಿಸಿದರೂ, ಅರ್ಧ ಗಂಟೆ ಮೌನವಾಗಿ ಓದಲು ಕೂರಿಸಿದರೂ ಅಷ್ಟೇ. ಮೊದಲು ಆ ಪದಗಳನ್ನು ಮಾತಿನಲ್ಲಿ ಬಳಸಬೇಕು. ತುಳು, ಕೊಂಕಣಿ, ಉರ್ದು, ಮರಾಠಿ ಮನೆಮಾತಿನ ಮಕ್ಕಳಿಗೆ ಕಲಿಸುವವರೂ ಇದನ್ನು ಕಂಡಿರಬಹುದು.

ಮಂಡ್ಯದ_ಓದುಗ

ಮನೆಮಾತು ಕನ್ನಡವೇ ಆದರೂ ಶಿಷ್ಟ ಕನ್ನಡ ಬೇರೆ ತಾನೇ? ನಮ್ಮ ಕಡೆ ಮಗು ‘ಹಕ್ಕಿ ಗೂಡು ಕಟ್ಟಿತು’ ಎಂಬುದನ್ನು ‘ಅಕ್ಕಿ ಗೂಡು ಕಟ್ಟಿತು’ ಎಂದು ಓದುತ್ತದೆ. ಶಿಕ್ಷಕರು ಅಲ್ಲಿಗೇ ತಡೆದು, ಹಕಾರವನ್ನು ಐದು ಸಲ ಹೇಳಿಸಿ, ಮುಂದೆ ಓದಿಸುತ್ತಾರೆ. ಅಷ್ಟರಲ್ಲಿ ಮಗುವಿಗೆ ಕಥೆ ಮರೆತೇಹೋಗಿರುತ್ತದೆ. ಅದೇ ಮಗುವಿಗೆ ಆ ವಾಕ್ಯದ ಚಿತ್ರ ಬರೆಯಲು ಹೇಳಿದರೆ ಹಕ್ಕಿಯನ್ನೇ ಬರೆಯುತ್ತದೆ, ಅಕ್ಕಿಯನ್ನಲ್ಲ. ಪದವನ್ನು ಅದು ಸರಿಯಾಗಿಯೇ ಗುರುತಿಸಿದೆ, ತನ್ನ ಊರಿನ ನಾಲಗೆಯಲ್ಲಿ ನುಡಿದಿದೆ.

ನಿವೃತ್ತ_ಮುಖ್ಯಗುರು

ಉಚ್ಚಾರಣೆಯನ್ನು ತಿದ್ದಲೇಬಾರದು ಎಂದರೆ ಬರವಣಿಗೆಯಲ್ಲಿ ಆ ಮಗು ‘ಅಕ್ಕಿ ಹಾರಿತು’ ಎಂದೇ ಬರೆಯುತ್ತದೆ. ನಾನು ಅಂಥ ಉತ್ತರಪತ್ರಿಕೆಗಳನ್ನು ಸೇವೆಯುದ್ದಕ್ಕೂ ನೋಡಿದ್ದೇನೆ.

ಮಂಡ್ಯದ_ಓದುಗ

ಸರ್, ತಿದ್ದಬಾರದು ಎಂದು ನಾನು ಹೇಳುತ್ತಿಲ್ಲ, ಓದಿನ ನಡುವೆ ತಿದ್ದಬಾರದು ಎನ್ನುತ್ತಿದ್ದೇನೆ. ಅದಕ್ಕೆ ಉಕ್ತಲೇಖನದ ಅವಧಿ ಇದೆ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದಿದರೆ ಅದು ಅಕ್ಷರದ ತಪ್ಪು, ಅದನ್ನು ಕೂಡಲೇ ತಿದ್ದಬೇಕು. ‘ಹಾಲು’ ಎಂಬುದನ್ನು ‘ಆಲು’ ಎಂದರೆ, ‘ಶಾಲೆ’ಯನ್ನು ‘ಸಾಲೆ’ ಎಂದರೆ ಅದು ಆಡುಮಾತಿನ ರೂಪ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಗು ಗಟ್ಟಿಯಾಗಿ ಓದುವುದನ್ನೇ ಬಿಟ್ಟುಬಿಡುತ್ತದೆ.

ಶಿವಮೊಗ್ಗ_ಅಕ್ಕ

ಸಾಮೂಹಿಕ ವಾಚನದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಎಷ್ಟೋ ಶಾಲೆಗಳಲ್ಲಿ ಗಟ್ಟಿ ಓದು ಎಂದರೆ ಒಬ್ಬ ಹುಡುಗ ಸಾಲನ್ನು ಹೇಳುವುದು, ಉಳಿದ ಮೂವತ್ತು ಮಂದಿ ಅದನ್ನು ರಾಗವಾಗಿ ಹೇಳುವುದು. ಹೊರಗಿನಿಂದ ಕೇಳಿದವರಿಗೆ ಇಡೀ ತರಗತಿ ಓದುತ್ತಿದೆ ಎಂದು ಅನ್ನಿಸುತ್ತದೆ. ಒಳಗೆ ಹೋಗಿ ನೋಡಿದರೆ ಪುಟವೇ ತಪ್ಪಿರುತ್ತದೆ, ಬೆರಳು ಇನ್ನೆಲ್ಲೋ ಇರುತ್ತದೆ. ಪಾಠ ಬಾಯಿಪಾಠವಾದ ಮಗು ಪುಸ್ತಕ ನೋಡದೆಯೇ ‘ಓದುತ್ತದೆ’. ಮೌನ ಓದಿನಲ್ಲಿ ಓದದ ಮಗು ಅಡಗಿಕೊಳ್ಳುತ್ತದೆ ಎಂದು ಹೇಳುವವರು, ಈ ಗದ್ದಲದಲ್ಲಿ ಅದು ಇನ್ನೂ ಸುಲಭವಾಗಿ ಅಡಗುತ್ತದೆ ಎಂಬುದನ್ನು ಗಮನಿಸಬೇಕು. ಗಟ್ಟಿ ಓದಿನ ಪರವಾಗಿ ಇಲ್ಲಿ ಹೇಳಿದ ಪ್ರಯೋಜನಗಳೆಲ್ಲ ಒಂದು ಮಗು ಒಬ್ಬ ಕೇಳುಗರ ಮುಂದೆ ಓದಿದಾಗ ಮಾತ್ರ ಸಿಗುತ್ತವೆ.

ಕೊಪ್ಪಳದ_ಟೀಚರ್

ಅಕ್ಕಾ, ಪಾಠದ ಸಾಲುಗಳನ್ನು ಕಲಸಿ ಬೇರೆ ಕ್ರಮದಲ್ಲಿ ಕಪ್ಪುಹಲಗೆಯ ಮೇಲೆ ಬರೆದರೆ ಯಾರಿಗೆ ಬಾಯಿಪಾಠ, ಯಾರಿಗೆ ಓದು ಎಂಬುದು ತಕ್ಷಣ ತಿಳಿಯುತ್ತದೆ. ನಾನು ಇದನ್ನು ಮಾಡುತ್ತೇನೆ.

ಸಮೀಕ್ಷೆ_ಸ್ವಯಂಸೇವಕ

ನಾನು ಕಾಲೇಜಿನಲ್ಲಿದ್ದಾಗ, ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಗೆ ಹಳ್ಳಿಗಳಿಗೆ ಹೋಗಿದ್ದೆ. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಆ ಸಮೀಕ್ಷೆಯ ಓದಿನ ಪರೀಕ್ಷೆ ಪೂರ್ತಿಯಾಗಿ ಗಟ್ಟಿ ಓದಿನದು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ. ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1 ಎಂದು ಪತ್ರಿಕೆಗಳಲ್ಲಿ ಬಂದ ಅಂಕಿಗಳು ಇದೇ ಪರೀಕ್ಷೆಯವು. ಮನೆಮನೆಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಪರೀಕ್ಷೆಯಾದ್ದರಿಂದ ಅದಕ್ಕೆ ಬೆಲೆ ಇದೆ. ಆದರೆ ಓದಬಲ್ಲದು ಎಂದು ನಾವು ಗುರುತು ಹಾಕಿದ ಮಗುವಿಗೆ ಕಥೆ ಎಷ್ಟು ಅರ್ಥವಾಗಿದೆ ಎಂಬುದನ್ನು ಆ ಗುರುತು ಹೇಳುವುದಿಲ್ಲ. 2017ರಲ್ಲಿ 14ರಿಂದ 18 ವರ್ಷದವರಿಗೆಂದು ನಡೆದ ಅಸರ್‌ನಲ್ಲಿ ಓಆರ್‌ಎಸ್ ಪೊಟ್ಟಣದ ಮೇಲಿನ ಸೂಚನೆಗಳನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಲು ಹೇಳಿದ್ದರು. ಅರ್ಥಗ್ರಹಿಕೆಯನ್ನು ಅಳೆಯುವುದು ಹಾಗೆ.

ಹಾಸನದ_ಹುಡುಗ

ಚಿಕ್ಕ ತರಗತಿಗಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯ ಗುರಿಗಳೂ ಹೀಗೆಯೇ ಅಲ್ಲವೇ? ನಿಮಿಷಕ್ಕೆ ಇಷ್ಟು ಪದ ಎಂದು?

ಸಮೀಕ್ಷೆ_ಸ್ವಯಂಸೇವಕ

2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್‌ನ ಗುರಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಗೆ ಕನಿಷ್ಠ 60 ಪದ. ಅರ್ಥ ಸಹಿತ ಓದಬೇಕು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ಇದೆ. ಶಾಲೆಗೆ ಬರುವಷ್ಟರಲ್ಲಿ ಆ ಮಾತು ಉದುರಿಹೋಗಿ ಗಡಿಯಾರ ಮಾತ್ರ ಉಳಿಯುತ್ತದೆ ಎಂಬುದು ನನ್ನ ಬೇಸರ.

ಧಾರವಾಡದ_ವ್ಯಾಕರಣಪ್ರಿಯ

ಪದದ ಲೆಕ್ಕದ ಬಗ್ಗೆ ನನ್ನದೊಂದು ತಕರಾರಿದೆ. ‘ಹೋಗಬೇಕಾಗಿರಲಿಲ್ಲವೆಂದು’ ಎಂಬುದು ಕನ್ನಡದಲ್ಲಿ ಒಂದೇ ಪದ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅದು ಐದಾರು ಪದಗಳಾಗುತ್ತದೆ. ಪ್ರತ್ಯಯಗಳು ಒಂದರ ಹಿಂದೆ ಒಂದು ಅಂಟುವ ನಮ್ಮ ಭಾಷೆಯಲ್ಲಿ ನಿಮಿಷಕ್ಕೆ ಅರವತ್ತು ಪದ ಎಂದರೆ ಆ ಭಾಷೆಗಳ ಅರವತ್ತಕ್ಕಿಂತ ಎಷ್ಟೋ ಹೆಚ್ಚಿನ ಅಕ್ಷರಗಳು. ಎನ್‌ಸಿಇಆರ್‌ಟಿ 2022ರಲ್ಲಿ ನಡೆಸಿದ ಬುನಾದಿ ಕಲಿಕಾ ಅಧ್ಯಯನದಲ್ಲಿ ಮೂರನೇ ತರಗತಿಯ ಮಕ್ಕಳನ್ನು 20 ಭಾಷೆಗಳಲ್ಲಿ ಓದಿಸಿ, ಭಾಷೆಗೊಂದು ಪ್ರತ್ಯೇಕ ಮಾನದಂಡವನ್ನು ಗೊತ್ತುಮಾಡಿದ್ದು ಈ ದೃಷ್ಟಿಯಿಂದ ಸರಿಯಾದ ಕ್ರಮ.

ವಾಕ್ಯರಚನೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ನಿಷೇಧವೂ ಅಲ್ಲಿಯೇ. ಆಯಿತೋ ಇಲ್ಲವೋ ಎಂಬುದು ವಾಕ್ಯದ ತುದಿಯವರೆಗೂ ತಿಳಿಯುವುದಿಲ್ಲ. ಅಕ್ಷರ ಅಕ್ಷರವಾಗಿ ಓದುವ ಮಗು ‘ಹೋಗಲಿಲ್ಲ’ವನ್ನು ತಲುಪುವ ಹೊತ್ತಿಗೆ ಯಾರು, ಎಲ್ಲಿಗೆ ಎಂಬುದನ್ನು ಮರೆತಿರುತ್ತದೆ. ಪದವನ್ನು ಒಂದೇ ನೋಟಕ್ಕೆ ಗುರುತಿಸುವ ವೇಗ ಬರುವವರೆಗೆ ಅರ್ಥಗ್ರಹಿಕೆಯನ್ನು ನಿರೀಕ್ಷಿಸುವುದು ಕಷ್ಟ ಎಂಬ ವಾದವನ್ನು ನಾನು ಒಪ್ಪುವುದು ಈ ಕಾರಣಕ್ಕಾಗಿ.

ಗಟ್ಟಿ ಓದಿನಲ್ಲಿ ಅರ್ಥವನ್ನು ಅಳೆಯುವ ಒಂದು ಸಾಧನವೂ ಇದೆ. ‘ಅಮ್ಮ ಮನೆಗೆ ಬಂದ ಮಾವನಿಗೆ ಊಟ ಬಡಿಸಿದಳು’ ಎಂಬ ವಾಕ್ಯವನ್ನು ಓದಿಸಿ, ಮಗು ಎಲ್ಲಿ ಉಸಿರು ನಿಲ್ಲಿಸುತ್ತದೆ ಎಂದು ಗಮನಿಸಿ. ‘ಅಮ್ಮ’ ಎಂದು ತುಸು ನಿಲ್ಲಿಸಿ, ‘ಮನೆಗೆ ಬಂದ ಮಾವನಿಗೆ’ ಎಂದು ಒಂದೇ ಉಸಿರಿನಲ್ಲಿ ಓದಿದರೆ ವಾಕ್ಯ ಅದಕ್ಕೆ ದಕ್ಕಿದೆ. ‘ಅಮ್ಮ ಮನೆಗೆ ಬಂದ’ ಎಂದು ನಿಲ್ಲಿಸಿದರೆ ಇಲ್ಲ. ವೇಗಕ್ಕಿಂತ ಈ ನಿಲುಗಡೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ಗಮಕ_ಕೇಳುಗ

ವ್ಯಾಕರಣಪ್ರಿಯರ ಕೊನೆಯ ಮಾತು ಗಮಕಿಗಳಿಗೆ ಚೆನ್ನಾಗಿ ಗೊತ್ತು. ಕುಮಾರವ್ಯಾಸ ಭಾರತದ ವಾಚನದಲ್ಲಿ ಪದಚ್ಛೇದ ತಪ್ಪಿದರೆ ಅರ್ಥವೇ ಕೆಡುತ್ತದೆ, ಆದ್ದರಿಂದ ಅರ್ಥ ತಿಳಿಯದವರು ಷಟ್ಪದಿಯನ್ನು ಸರಿಯಾಗಿ ವಾಚಿಸಲಾರರು. ಅಷ್ಟಿದ್ದೂ ಆ ಪರಂಪರೆ ವಾಚನವೊಂದನ್ನೇ ನೆಚ್ಚಿಕೊಳ್ಳಲಿಲ್ಲ. ವಾಚನಕಾರರ ಪಕ್ಕದಲ್ಲಿ ವ್ಯಾಖ್ಯಾನಕಾರರು ಕುಳಿತಿರುತ್ತಾರೆ. ಅಕ್ಷರ ಬಾರದ ಹಳ್ಳಿಯ ಕೇಳುಗರಿಗೂ ಕಾವ್ಯ ದಕ್ಕಿದ್ದು ಹೀಗೆ. ತರಗತಿಯಲ್ಲೂ ಒಂದು ಮಗು ಓದಲಿ, ಇನ್ನೊಂದು ಮಗು ಅದನ್ನು ತನ್ನ ಮಾತಿನಲ್ಲಿ ಹೇಳಲಿ.

ಕೊಪ್ಪಳದ_ಟೀಚರ್

ಇದು ನಾಳೆಯೇ ಮಾಡಬಹುದಾದ ಕೆಲಸ. ಜೋಡಿ ಮಾಡುವಾಗ ಮೊದಲ ಗುಂಪಿನ ಮಗುವಿನ ಜೊತೆ ಎರಡನೇ ಗುಂಪಿನ ಮಗುವನ್ನು ಕೂರಿಸುತ್ತೇನೆ.

ಇಬ್ಬರು_ಮಕ್ಕಳ_ಅಪ್ಪ

ಚರ್ಚೆ ಪೂರ್ತಿಯಾಗಿ ಗಟ್ಟಿ ಓದಿನ ಕಡೆಗೇ ವಾಲಿತು. ಹಾಗಾದರೆ ಮೌನ ಓದಿಗೆ ಸಾಕ್ಷ್ಯವೇ ಇಲ್ಲವೇ? ಅಮೆರಿಕದಲ್ಲಿ ನೂರು ವರ್ಷಗಳ ಹಿಂದೆಯೇ ಶಾಲೆಗಳು ಮೌನ ಓದಿಗೆ ತಿರುಗಿದವು ಎಂದು ಕೇಳಿದ್ದೇನೆ.

ಭಾಷಾಕಲಿಕೆ_ಅಭ್ಯಾಸಿ

ತಿರುಗಿದ್ದು ನಿಜ. 1910 ಮತ್ತು 1920ರ ದಶಕಗಳಲ್ಲಿ ಅಲ್ಲಿ ಆ ಬದಲಾವಣೆ ನಡೆಯಿತು. 1908ರಲ್ಲಿ ಎಡ್ಮಂಡ್ ಹ್ಯೂಯಿ ಓದಿನ ಮನೋವಿಜ್ಞಾನದ ಬಗ್ಗೆ ಬರೆದ ಗ್ರಂಥ ಅರ್ಥಕ್ಕೆ ಒತ್ತು ಕೊಟ್ಟಿತ್ತು, ಜೊತೆಗೆ ಇಡೀ ತರಗತಿಗೆ ಒಮ್ಮೆಲೇ ಕೊಡಬಹುದಾದ ಮೌನ ಓದಿನ ಲಿಖಿತ ಪರೀಕ್ಷೆಗಳೂ ಬಂದವು. ಅತಿಗೆ ಹೋದವರೂ ಇದ್ದರು: ಷಿಕಾಗೊದಲ್ಲಿ 1930ರ ದಶಕದಲ್ಲಿ, ಮಕ್ಕಳು ಓದುವಾಗ ಪದವನ್ನು ಒಳಗೊಳಗೂ ಉಚ್ಚರಿಸದಂತೆ ಕಲಿಸಬೇಕೆಂಬ ವಿಧಾನವೊಂದನ್ನು ಶಾಲೆಗಳಲ್ಲಿ ಪ್ರಯೋಗಿಸಿದರು. ಅದು ಬಾಳಲಿಲ್ಲ. ಪಳಗಿದ ಓದುಗರ ಒಳಗೂ ಒಂದು ದನಿ ಇದ್ದೇ ಇರುತ್ತದೆ, ಕಠಿಣ ವಾಕ್ಯ ಬಂದಾಗ ಅದು ಜೋರಾಗುತ್ತದೆ.

2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ಲಭ್ಯ ಸಂಶೋಧನೆಗಳನ್ನು ಪರಿಶೀಲಿಸಿತು. ಶಿಕ್ಷಕರ ಮಾರ್ಗದರ್ಶನದಲ್ಲಿ ಒಂದೇ ಪಠ್ಯವನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದುವುದರಿಂದ ಪದ ಗುರುತಿಸುವಿಕೆ, ಸರಾಗತೆ, ಗ್ರಹಿಕೆ ಮೂರೂ ಸುಧಾರಿಸುತ್ತವೆ ಎಂದಿತು. ಮಕ್ಕಳನ್ನು ತಮ್ಮ ಪಾಡಿಗೆ ಮೌನವಾಗಿ ಓದಲು ಬಿಡುವ ಕಾರ್ಯಕ್ರಮಗಳಿಗೆ ಸಾಕಷ್ಟು ಸಾಕ್ಷ್ಯ ದೊರೆಯಲಿಲ್ಲ ಎಂದಿತು.

ಶಿವಮೊಗ್ಗ_ಅಕ್ಕ

ಸಾಕ್ಷ್ಯ ದೊರೆಯಲಿಲ್ಲ ಎಂಬುದನ್ನು ಪ್ರಯೋಜನವಿಲ್ಲ ಎಂದು ಓದಿಕೊಳ್ಳಬಾರದು. ಆಗ ಲಭ್ಯವಿದ್ದ ಒಳ್ಳೆಯ ಪ್ರಯೋಗಗಳೇ ಕಡಿಮೆ. ಒಂದು ಪದ ಬೇರೆ ಬೇರೆ ಕಥೆಗಳಲ್ಲಿ ಹತ್ತಾರು ಸಲ ಕಣ್ಣಿಗೆ ಬೀಳದೆ ಅದು ನೋಟಕ್ಕೆ ಪರಿಚಯವಾಗುವುದಿಲ್ಲ. ಮೂವತ್ತು ಮಕ್ಕಳ ತರಗತಿಯಲ್ಲಿ 40 ನಿಮಿಷದ ಅವಧಿಯಲ್ಲಿ ಸರದಿಯ ಮೇಲೆ ಗಟ್ಟಿಯಾಗಿ ಓದಿಸಿದರೆ ಒಂದು ಮಗುವಿನ ಪಾಲಿಗೆ ಒಂದೂವರೆ ನಿಮಿಷವೂ ಬರುವುದಿಲ್ಲ. ಅಷ್ಟೇ ಹೊತ್ತು ಮೌನವಾಗಿ ಓದಿದರೆ ಪ್ರತಿ ಮಗುವೂ ಪುಟಗಟ್ಟಲೆ ಓದಬಹುದು.

ಭಾಷಾಕಲಿಕೆ_ಅಭ್ಯಾಸಿ

ಈ ತಿದ್ದುಪಡಿ ಸರಿ. ಡೇವಿಡ್ ಶೇರ್ 1995ರಲ್ಲಿ ಮಂಡಿಸಿದ ವಾದವೂ ಇದಕ್ಕೆ ಪೂರಕ: ಮಗು ಹೊಸ ಪದವನ್ನು ತಾನೇ ಬಿಡಿಸಿ ಓದಿದ ಪ್ರತಿ ಸಲವೂ ಆ ಪದದ ಬರಹರೂಪವನ್ನು ತನಗೆ ತಾನೇ ಕಲಿಸಿಕೊಳ್ಳುತ್ತದೆ. ಆದರೆ ಬಿಡಿಸುವ ಶಕ್ತಿ ಮೊದಲೇ ಇರಬೇಕು. ಟೀಚರ್ ಅವರ ಮೂರನೇ ಗುಂಪಿಗೆ ಅದು ಇದ್ದಂತಿಲ್ಲ.

ಸಾಕ್ರಮೆಂಟೊ_ಕನ್ನಡತಿ

ಇಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ನಾನು ಸ್ವಯಂಸೇವಕಿಯಾಗಿ ಕಲಿಸುತ್ತೇನೆ. ನಮ್ಮ ಮಕ್ಕಳ ಸ್ಥಿತಿ ತಾಂಡಾ ಶಾಲೆಯ ಮೇಷ್ಟ್ರು ಹೇಳಿದಂತೆಯೇ ಇದೆ. ಅಕ್ಷರಗಳನ್ನು ಒಂದೆರಡು ವರ್ಷಗಳಲ್ಲಿ ಕಲಿತು, ಯಾವ ಕಥೆ ಕೊಟ್ಟರೂ ಗಟ್ಟಿಯಾಗಿ ಓದಿ, ಅಜ್ಜಿಗೆ ವಿಡಿಯೊ ಕರೆಯಲ್ಲಿ ಕೇಳಿಸಿ ಮೆಚ್ಚುಗೆ ಪಡೆಯುತ್ತಾರೆ. ಅಡುಗೆಮನೆಯ ಕನ್ನಡವನ್ನು ದಾಟಿದ ಪದ ಬಂದರೆ ಅರ್ಥ ಇಲ್ಲ. ನಾನು ಈಗ ಪ್ರತಿ ಪುಟದ ನಂತರ ಪುಸ್ತಕ ಮುಚ್ಚಿಸಿ ನಡೆದದ್ದನ್ನು ಹೇಳಿಸುತ್ತೇನೆ. ಓದುವ ವೇಗ ಇಳಿಯಿತು, ತಿಳಿವಳಿಕೆ ಏರಿತು.

ಬ್ರೈಲ್_ಓದುಗ

ನಾನು ದೃಷ್ಟಿಹೀನ, ಚಿಕ್ಕಂದಿನಲ್ಲಿ ಕನ್ನಡ ಬ್ರೈಲ್ ಕಲಿತವನು. ಬ್ರೈಲ್‌ನಲ್ಲಿ ಬೆರಳು ಒಂದೊಂದೇ ಚುಕ್ಕಿಗುಂಪನ್ನು ದಾಟುತ್ತದೆ, ಕಣ್ಣಿನಂತೆ ಮುಂದಕ್ಕೆ ಜಿಗಿದು ವಾಕ್ಯದ ಕೊನೆಯನ್ನು ನೋಡಿಬರಲಾಗದು. ಆದ್ದರಿಂದ ಗಟ್ಟಿಯಾಗಿ ಓದಲು ಹೇಳಿದಾಗ ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ತಿಳಿಯುತ್ತಿರಲಿಲ್ಲ. ಒಮ್ಮೆ ಮೌನವಾಗಿ ಓದಿಕೊಂಡು, ಅನಂತರ ಗಟ್ಟಿಯಾಗಿ ಓದಲು ಅವಕಾಶ ಕೊಟ್ಟ ಶಿಕ್ಷಕರ ಮುಂದೆ ನಾನು ಚೆನ್ನಾಗಿ ಓದುತ್ತಿದ್ದೆ. ಕಣ್ಣಿರುವ ಮಕ್ಕಳಿಗೂ ಈ ಅವಕಾಶ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಮುಖ್ಯಗುರುಗಳು ಹೇಳಿದ ಕ್ರಮದಲ್ಲಿ ಮೌನ ಓದು ಕೊನೆಗೆ ಬರುತ್ತದೆ; ಅದು ಮೊದಲೂ ಬರಬಹುದು.

ಡಿಸ್ಲೆಕ್ಸಿಯಾ_ಮಗುವಿನ_ಅಮ್ಮ

ಮೇಲಿನವರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ನನ್ನ ಮಗನನ್ನು ಹಿಂದಿನ ಶಾಲೆಯಲ್ಲಿ ಪೂರ್ವಸೂಚನೆಯಿಲ್ಲದೆ ಎಬ್ಬಿಸಿ ನಿಲ್ಲಿಸಿ ಓದಿಸುತ್ತಿದ್ದರು, ಅವನು ತಡವರಿಸಿದಾಗ ತರಗತಿ ನಗುತ್ತಿತ್ತು. ಕನ್ನಡದ ಅವಧಿ ಇದ್ದ ದಿನ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಈಗಿನ ಶಿಕ್ಷಕಿ ಹಿಂದಿನ ದಿನವೇ ಐದು ಸಾಲು ಗುರುತು ಮಾಡಿ ಕೊಡುತ್ತಾರೆ. ಮನೆಯಲ್ಲಿ ನಾನು ಓದುತ್ತೇನೆ, ನಂತರ ನಾವಿಬ್ಬರೂ ಒಟ್ಟಿಗೆ ಓದುತ್ತೇವೆ, ಕೊನೆಗೆ ಅವನೊಬ್ಬನೇ ಓದುತ್ತಾನೆ. ಅವನಿಗೆ ಗಟ್ಟಿ ಓದು ಬೇಕೇ ಬೇಕು, ಮೌನವಾಗಿ ಬಿಟ್ಟರೆ ಅವನು ಪದಗಳನ್ನು ಊಹಿಸಿ ದಾಟಿಬಿಡುತ್ತಾನೆ. ಆದರೆ ಅವನ ಓದನ್ನು ಕೇಳುವವರು ಒಬ್ಬರಿರಬೇಕು, ಮೂವತ್ತು ಮಂದಿ ಅಲ್ಲ.

ನಿವೃತ್ತ_ಮುಖ್ಯಗುರು

ತಾಯಿ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಬ್ರೈಲ್ ಓದುಗರ ಸಲಹೆಯನ್ನೂ ಒಪ್ಪುತ್ತೇನೆ: ಕನ್ನಡದ ಕ್ರಿಯಾಪದ ಕೊನೆಗೆ ಬರುವುದರಿಂದ, ಒಮ್ಮೆ ಕಣ್ಣಾಡಿಸಿ ಅನಂತರ ಗಟ್ಟಿಯಾಗಿ ಓದಿದರೆ ಮಗುವಿನ ದನಿ ಏರಿಳಿತ ಸರಿಯಾಗುತ್ತದೆ. ಆದರೆ ಶಿಕ್ಷಕರ ಮಾದರಿ ವಾಚನ ಮಾತ್ರ ಕೈಬಿಡಬಾರದು. ಶಿಷ್ಟ ಕನ್ನಡವನ್ನು ಮನೆಯಲ್ಲಿ ಕೇಳದ ಮಗುವಿಗೆ ಆ ಭಾಷೆಯನ್ನು ಕೇಳುವ ಸ್ಥಳ ತರಗತಿಯೊಂದೇ.

ತಾಂಡಾ_ಶಾಲೆ_ಮೇಷ್ಟ್ರು

ತುಟಿ ಅಲ್ಲಾಡಿಸುವ ಮಕ್ಕಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅವರನ್ನು ತಡೆಯಬೇಡಿ ಮೇಡಂ. ಗಟ್ಟಿ ಓದಿನಿಂದ ಮೌನ ಓದಿಗೆ ಹೋಗುವಾಗ ಪಿಸುಮಾತಿನ ಓದು ಸಹಜವಾಗಿ ಬರುವ ಹಂತ. ನನ್ನ ತರಗತಿಯಲ್ಲಿ ಎಲ್ಲರಿಗೂ ಪಿಸುದನಿಯಲ್ಲಿ ಓದಲು ಹೇಳಿ, ನಾನು ಸಾಲುಗಳ ನಡುವೆ ನಡೆಯುತ್ತ ಒಬ್ಬೊಬ್ಬರ ಬಳಿ ಬಗ್ಗಿ ಕೇಳಿಸಿಕೊಳ್ಳುತ್ತೇನೆ. ಮಗುವಿಗೆ ತನ್ನ ದನಿ ಕೇಳುತ್ತದೆ, ನನಗೆ ತಪ್ಪು ಕೇಳುತ್ತದೆ, ಪಕ್ಕದವರು ನಗುವಂತಿಲ್ಲ, ಎಲ್ಲರೂ ಏಕಕಾಲಕ್ಕೆ ಓದುತ್ತಿರುತ್ತಾರೆ.

ಹಾಸನದ_ಹುಡುಗ

ಇದು ನಿಜಕ್ಕೂ ಒಳ್ಳೆಯ ಉಪಾಯ.

ಕೊಪ್ಪಳದ_ಟೀಚರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ಗುಂಪಿಗೂ ಒಂದೇ ಮದ್ದು ಹುಡುಕುವುದನ್ನು ಬಿಡುತ್ತೇನೆ. ಮೂರನೇ ಗುಂಪಿಗೆ ದಿನವೂ ನನ್ನ ಮುಂದೆ ಸಣ್ಣ ಪಠ್ಯದ ಗಟ್ಟಿ ಓದು, ಒತ್ತಕ್ಷರ ಮತ್ತು ಅರ್ಕಾವತ್ತಿಗೆ ವಿಶೇಷ ಗಮನ. ಎರಡನೇ ಗುಂಪಿಗೆ ಪಿಸುದನಿಯ ಓದು, ಎದ್ದು ನಿಲ್ಲಿಸುವುದಿಲ್ಲ. ಮೊದಲ ಗುಂಪಿಗೆ ಓದುವ ಮೊದಲೇ ಪ್ರಶ್ನೆ ಕೊಟ್ಟು, ಉತ್ತರ ಹುಡುಕಲು ಮೌನವಾಗಿ ಓದಿಸುತ್ತೇನೆ. ಅಭ್ಯಾಸಿಗಳು ಹೇಳಿದ ಕೇಳಿಸುವ ಪರೀಕ್ಷೆಯನ್ನು ಈ ವಾರ ಎಲ್ಲರಿಗೂ ಮಾಡುತ್ತೇನೆ. ಒಂದು ತೊಂದರೆ ಉಳಿದಿದೆ: ಮೊದಲ ಗುಂಪಿನವರಿಗೆ ಪಠ್ಯಪುಸ್ತಕದ ಪಾಠಗಳೆಲ್ಲ ಬಾಯಿಪಾಠವಾಗಿವೆ. ಮೌನ ಓದಿಗೆ ಹೊಸ ಪುಸ್ತಕಗಳು ಬೇಕು.

ಸಮೀಕ್ಷೆ_ಸ್ವಯಂಸೇವಕ

ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೂ ವಿಚಾರಿಸಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ.

ಧಾರವಾಡದ_ವ್ಯಾಕರಣಪ್ರಿಯ

ಪುಸ್ತಕ ಆರಿಸುವಾಗ ವಾಕ್ಯದ ಉದ್ದವನ್ನೂ ನೋಡಿರಿ ಟೀಚರ್. ಅನುವಾದಿತ ಕಥೆಗಳಲ್ಲಿ ಕೆಲವೊಮ್ಮೆ ಪದಗಳು ಸುಲಭವಾಗಿದ್ದರೂ ವಾಕ್ಯಗಳು ಕನ್ನಡದ ಜಾಡಿಗೆ ಹೊಂದಿರುವುದಿಲ್ಲ. ಮಕ್ಕಳಿಗೆ ಕೊಡುವ ಮೊದಲು ನೀವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ನಿಮ್ಮ ನಾಲಗೆ ತೊಡರಿದ ವಾಕ್ಯದಲ್ಲಿ ಅವರ ಕಣ್ಣೂ ತೊಡರುತ್ತದೆ.

ಕೊಪ್ಪಳದ_ಟೀಚರ್

ಹಾಗೆಯೇ ಮಾಡುತ್ತೇನೆ ಸರ್. ಕೇಳಿಸುವ ಪರೀಕ್ಷೆಯಲ್ಲಿ ಯಾವ ಗುಂಪಿನವರು ಹೇಗೆ ಉತ್ತರಿಸಿದರು ಎಂಬುದನ್ನು ಮುಗಿದ ಕೂಡಲೇ ಇಲ್ಲಿಯೇ ಬರೆಯುತ್ತೇನೆ.